ಬೋಟು ದಡಕ್ಕೆ, ಸುಭಾಷಿಣಿ ವಿಜಯಪುರಕ್ಕೆ

ಮಣಿಪಾಲದ ಹುಡುಗಿಯರ ಹಾಸ್ಟೆಲೊಂದರಲ್ಲಿ ಸುಭಾಷಿಣಿ ಹನ್ನೊಂದು ವರ್ಷಗಳಿಂದ ಕೋಣೆ ಗುಡಿಸಿ ಒರೆಸುವ ಕೆಲಸ ಮಾಡುತ್ತಾಳೆ. ಕಾಪುವಿನ ಮನೆಯಿಂದ ಬೆಳಿಗ್ಗೆ ಆರೂಕಾಲಕ್ಕೆ ಹೊರಟರೆ ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಏಳೂವರೆಗೆ ನಾಲ್ಕನೆಯ ಮಾಳಿಗೆಯಲ್ಲಿ ಬಕೆಟು ಕೈಗೆತ್ತಿಕೊಳ್ಳುವಳು. ಆ ಮಾಳಿಗೆಯ ಮೂವತ್ತೆರಡು ಕೋಣೆಗಳೂ ಅವಳ ಸುಪರ್ದಿ. ಯಾವ ಹುಡುಗಿ ಮಂಚದ ಅಡಿಯಲ್ಲಿ ಬಿಸ್ಕತ್ತಿನ ಚೂರು ಬೀಳಿಸುತ್ತಾಳೆ, ಯಾರು ಪರೀಕ್ಷೆಯ ಹಿಂದಿನ ದಿನ ಅಳುತ್ತಾಳೆ, ಯಾರ ತಾಯಿ ದಿನಕ್ಕೆ ಐದು ಸಲ ಫೋನು ಮಾಡುತ್ತಾಳೆ ಎಂಬುದೆಲ್ಲ ಅವಳಿಗೆ ಗೊತ್ತು.

ಮೇ ತಿಂಗಳ ಕೊನೆಗೆ ಈ ಮಾಳಿಗೆ ಖಾಲಿಯಾಗುತ್ತದೆ. ಎರಡು ದಿನ ಕಾರಿಡಾರಿನ ತುಂಬ ಚಕ್ರದ ಪೆಟ್ಟಿಗೆಗಳು ಗಡಗಡ ಉರುಳುವ ಸದ್ದು. ಮೂರನೆಯ ದಿನ ಉಳಿಯುವುದು ಧೂಳು, ಹೇರ್‌ಪಿನ್ನು, ಅರ್ಧ ಮುಗಿದ ಶಾಂಪೂ. ಎರಡು ವರ್ಷದ ಹಿಂದಿನ ಅಂಥ ಒಂದು ಬೆಳಿಗ್ಗೆ, ವಿಜಯಪುರದ ಹುಡುಗಿ ಅನ್ವಿತಾ ಒಂದು ನೀಲಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು ಅವಳನ್ನು ಕರೆದಳು.

"ಆಂಟಿ, ಇದರ ಒಂದು ಚಕ್ರ ಮುರದೈತಿ. ನಿಮಗ ಬೇಕಂದ್ರ ಇಟ್ಕೊಳ್ರಿ."

"ಚಕ್ರ ಹೋದರೆ ಎಂತ, ಬಟ್ಟೆ ತುಂಬಿಸಿಡಬಹುದು," ಎಂದು ಸುಭಾಷಿಣಿ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದಳು. "ನೀವು ಊರಿಗೆ ಹೋಗುವುದಾ?"

"ಇಲ್ರಿ, ಪುಣೆಕ್ಕ. ಎರಡು ತಿಂಗಳು ಟ್ರೇನಿಂಗ್. ಊರಿಗೆ ಹೋಗೋದು ದಸರಾಕ್ಕ." ಹುಡುಗಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದಳು, "ನೀವು ರಜೆಗೆ ಎಲ್ಲಿ ಹೋಗ್ತೀರಿ ಆಂಟಿ?"

ಸುಭಾಷಿಣಿ ಒರೆಸುವ ಬಟ್ಟೆ ಹಿಂಡಿದಳು. ಹಾಸ್ಟೆಲು ಖಾಲಿಯಾದಾಗ ಅವಳಿಗೂ ಸರದಿಯಂತೆ ಎಂಟು ದಿನ ರಜೆ ಇರುತ್ತದೆ. ಆ ಎಂಟು ದಿನಗಳಲ್ಲಿ ಅವಳು ತನ್ನ ಮನೆ ಗುಡಿಸಿ ಒರೆಸುತ್ತಾಳೆ.

"ನಮ್ಮೂರಿಗೆ ಬರ್ರಿ," ಎಂದಳು ಹುಡುಗಿ. "ಗೋಲಗುಮ್ಮಟಕ್ಕ ಮಾತ್ರ ಬೆಳಿಗ್ಗೆ ಬಾಗಲಾ ತೆಗೆಯೂ ಹೊತ್ತಿಗೆ ಹೋಗ್ಬೇಕು. ತಡಾ ಆದ್ರ ಎಲ್ಲಾರೂ ಚೀರತಾರ, ಏನೂ ಕೇಳಂಗಿಲ್ಲ. ಮೊದಲ ಹೋದ್ರ, ಆ ಕಡೆ ಗ್ವಾಡಿಗೆ ಪಿಸುಗುಟ್ಟಿದ್ದು ಈ ಕಡೆ ಕೇಳತೈತಿ."

ಹುಡುಗಿ ಹೊರಟುಹೋದಳು. ಸುಭಾಷಿಣಿ ಅವಳ ಕೋಣೆಯ ನೆಲ ಒರೆಸುವಾಗ ಆ ಮಾತನ್ನೇ ಮೆಲುಕು ಹಾಕುತ್ತಿದ್ದಳು. ಅಷ್ಟು ದೊಡ್ಡ ಕಟ್ಟಡ, ಅದರೊಳಗೆ ಅಷ್ಟು ಸಣ್ಣ ಸದ್ದು. ಸಂಜೆ ಪೆಟ್ಟಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದಳು.

ಅವಳ ಗಂಡ ಜನಾರ್ದನ ಮಲ್ಪೆಯ ಟ್ರಾಲ್ ಬೋಟಿನಲ್ಲಿ ದುಡಿಯುವವನು. ಒಮ್ಮೆ ಸಮುದ್ರಕ್ಕೆ ಹೋದರೆ ಹತ್ತು ದಿನ, ಕೆಲವೊಮ್ಮೆ ಹನ್ನೆರಡು. ಬಂದು ಮೀನು ಇಳಿಸಿ, ಐಸು ತುಂಬಿಸಿ, ಎರಡು ದಿನ ಮನೆಯಲ್ಲಿ ನಿದ್ರೆ ಮಾಡಿ ಮತ್ತೆ ಹೊರಡುವುದು. ಮದುವೆಯಾಗಿ ಇಪ್ಪತ್ತೇಳು ವರ್ಷವಾಗಿದ್ದರೂ ಕೂಡಿ ಕಳೆದು ನೋಡಿದರೆ ಅವರು ಒಟ್ಟಿಗೆ ಇದ್ದದ್ದು ಆರೇಳು ವರ್ಷವಾದರೆ ಹೆಚ್ಚು. ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಆಗ ಮೊದಲ ಕೆಲವು ವಾರ ಅವನು ಮಲ್ಪೆಗೆ ಹೋಗಿ ಬಲೆ ರಿಪೇರಿ ಮಾಡುವನು. ಆಮೇಲೆ ಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡುವನು. ಮಾತು ಕಡಿಮೆಯ ಮನುಷ್ಯ. ಅಕ್ಕಪಕ್ಕದವರ ಕೊಡೆಗಳನ್ನೆಲ್ಲ ತಂದು ಕಡ್ಡಿ ಕಟ್ಟಿಕೊಡುವನು. ಕೊಡೆ ಮುಗಿದರೆ ಫ್ಯಾನು ಬಿಚ್ಚುವನು. ಮಗಳು ಮೇಧಾ ಉಡುಪಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. "ಅಪ್ಪ ಮನೆಯಲ್ಲಿದ್ದರೆ ಯಾವ ಸಾಮಾನೂ ಇಟ್ಟಲ್ಲಿ ಇರುವುದಿಲ್ಲ" ಎಂಬುದು ಅವಳ ದೂರು.

ನೀಲಿ ಪೆಟ್ಟಿಗೆಯನ್ನು ಕಂಡದ್ದೇ ಜನಾರ್ದನ ಅದರ ಚಕ್ರ ಬಿಚ್ಚಿದ. ಅವನ ಎದುರು ಕುಳಿತು ಸುಭಾಷಿಣಿ ವಿಷಯ ತೆಗೆದಳು. ಮನೆಯಲ್ಲಿ ಅವರ ಮಾತು ತುಳುವಿನಲ್ಲಿ.

"ಜುಲೈಯಲ್ಲಿ ನನಗೆ ಎಂಟು ದಿನ ರಜೆ ಉಂಟು. ನಾವು ಎಲ್ಲಿಗಾದರೂ ಹೋಗುವನಾ?"

"ಎಲ್ಲಿಗೆ? ಬೆಳ್ಮಣ್ಣಿಗಾ?" ಬೆಳ್ಮಣ್ ಅವಳ ತವರು.

"ತವರಿಗೆ ಹೋಗುವುದು ರಜೆಯಾ? ನೋಡಲಿಕ್ಕೆ. ಊರು ನೋಡಲಿಕ್ಕೆ. ಈ ಪೆಟ್ಟಿಗೆ ಕೊಟ್ಟ ಹುಡುಗಿಯ ಊರಿನಲ್ಲಿ ಒಂದು ಗುಮ್ಮಟ ಉಂಟಂತೆ, ಈ ಬದಿಯಲ್ಲಿ ಪಿಸುಗುಟ್ಟಿದರೆ ಆ ಬದಿಗೆ ಕೇಳುತ್ತದಂತೆ."

ಜನಾರ್ದನ ಚಕ್ರದಿಂದ ತಲೆಯೆತ್ತಿದ. "ಲೋಕದ ಜನರೆಲ್ಲ ದುಡ್ಡು ಖರ್ಚು ಮಾಡಿಕೊಂಡು ನಮ್ಮ ಕಾಪುವಿನ ಕಡಲು, ದೀಪಸ್ತಂಭ ನೋಡಲಿಕ್ಕೆ ಬರುತ್ತಾರೆ. ನಾವು ಇಲ್ಲಿಂದ ಇನ್ನೆಲ್ಲಿಗೆ ಹೋಗುವುದು ಮಾರಾಯ್ತಿ?"

"ಅವರಿಗೆ ನಮ್ಮ ಸಮುದ್ರವಾದರೂ ಕಾಣುತ್ತದೆ. ನಮಗೆ ಅವರೇ ಕಾಣುವುದು."

ಅವನು ನಕ್ಕ, ಆದರೆ ಒಪ್ಪಲಿಲ್ಲ. ತಿರುಗಾಟ ಎನ್ನುವುದು ಸಂಬಳದವರ ಅಭ್ಯಾಸ ಎಂದು ಅವನ ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ನೆಲದ ಮೇಲೆ ದೂರ ಹೋಗಿ ಅವನಿಗೆ ಗೊತ್ತಿಲ್ಲ. ಗುಜರಾತಿನ ತನಕ ನೀರಿನ ಮೇಲೆ ಹೋಗಿದ್ದಾನೆ. ಘಟ್ಟ ಹತ್ತಿದ್ದು ಒಂದೇ ಸಲ, ಅದೂ ಯಾರದೋ ಮದುವೆಗೆ.

ಸುಭಾಷಿಣಿ ಹಟ ಮಾಡಲಿಲ್ಲ. ಹಾಸ್ಟೆಲಿನ ಹುಡುಗಿಯರೊಂದಿಗೆ ಪಳಗಿದವಳು. ಎಳೆದರೆ ಬಾರದ್ದು ಪುಸಲಾಯಿಸಿದರೆ ಬರುತ್ತದೆಂದು ಬಲ್ಲವಳು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ಅಕ್ಕಿಯುಂಡೆ ಪುಂಡಿ ಬೇಯಿಸಿ, ಕಾಯಿಚಟ್ನಿಯೊಂದಿಗೆ ಬಾಳೆಲೆಯಲ್ಲಿ ಕಟ್ಟಿಕೊಂಡು, "ಕಾರ್ಕಳಕ್ಕೆ ಹೋಗಿ ಸಂಜೆಗೆ ಬರುವ, ಅಷ್ಟೇ," ಎಂದಳು. ಅದಕ್ಕೆ ಅವನ ಬಳಿ ನೆವ ಇರಲಿಲ್ಲ.

ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಬೆಳ್ಮಣ್ಣಿನ ಮೇಲೆಯೇ ಹೋಗುವುದು. ಇಷ್ಟು ವರ್ಷ ಆ ದಾರಿಯಲ್ಲಿ ಅವರು ಎಷ್ಟು ಸಲ ಹೋದರೂ ಬೆಳ್ಮಣ್ಣಿನಲ್ಲಿ ಇಳಿದವರು. ಅದರಾಚೆಗೆ ಟಿಕೇಟು ತೆಗೆದವರಲ್ಲ. ಬಸ್ಸು ಅಲ್ಲಿ ನಿಂತಾಗ ಸುಭಾಷಿಣಿಯ ಅಣ್ಣ ಎದುರಿನ ಅಂಗಡಿಯ ಬೆಂಚಿನಲ್ಲೇ ಕುಳಿತು ಪೇಪರು ಓದುತ್ತಿದ್ದ.

"ಬಗ್ಗಿ, ಬಗ್ಗಿ!" ಎಂದು ಅವಳು ಗಂಡನ ತಲೆಯನ್ನು ಕಿಟಕಿಯ ಕೆಳಗೆ ಒತ್ತಿದಳು. "ಕಂಡರೆ ಇಳಿಸಿ ಊಟ ಹಾಕದೆ ಬಿಡುವುದಿಲ್ಲ."

ಐವತ್ತೈದರ ಜನಾರ್ದನ, ಹತ್ತಾಳಿನ ಬಲೆ ಎಳೆಯುವವನು, ಕಳ್ಳನಂತೆ ಮೊಣಕಾಲಿನ ನಡುವೆ ತಲೆ ಹುದುಗಿಸಿ ಕುಳಿತ. ಬಸ್ಸು ಹೊರಟ ಮೇಲೆ ಇಬ್ಬರಿಗೂ ನಗು ತಡೆಯದೆ ಬಂತು. ಕಂಡಕ್ಟರು ತಿರುಗಿ ನೋಡಿದ.

ಗೊಮ್ಮಟನ ಬೆಟ್ಟದ ಮೆಟ್ಟಿಲುಗಳು ಮಳೆಗೆ ಜಾರುತ್ತಿದ್ದವು. ಡೆಕ್ಕಿನ ಮೇಲೆ ನಡೆದು ರೂಢಿಯಿದ್ದ ಜನಾರ್ದನ ಬರಿಗಾಲಿನಲ್ಲಿ ಸರಸರ ಹತ್ತಿ, ಪ್ರತಿ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಅವಳಿಗೆ ಕೈ ಕೊಟ್ಟ. ಮೇಲೆ ಮೂರ್ತಿಯ ಪಾದದ ಬಳಿ ನಿಂತು ಕತ್ತು ಹಿಂದಕ್ಕೆ ಚಾಚಿ ತುಂಬ ಹೊತ್ತು ನೋಡಿದ. ಆಮೇಲೆ ಬೆಟ್ಟದ ಅಂಚಿಗೆ ಹೋಗಿ ಪಡುವಣಕ್ಕೆ ಮುಖ ಮಾಡಿದ. ಗದ್ದೆ, ಮರ, ಮೋಡ. ಅದರಾಚೆ ಬೂದುಬಣ್ಣದ ಒಂದು ಗೆರೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು.

"ಐವತ್ತೈದು ವರ್ಷ ಅಲ್ಲಿಂದ ಈ ಕಡೆಯ ಗುಡ್ಡಗಳನ್ನು ನೋಡಿದ್ದೇನೆ," ಎಂದ. "ಇಲ್ಲಿಂದ ಆ ಕಡೆ ಹೇಗೆ ಕಾಣುತ್ತದೆಂದು ನೋಡಿರಲಿಲ್ಲ."

ಪುಂಡಿ ತಿಂದು ಮುಗಿಸಿ, ಎಲೆ ಮಡಚುತ್ತ ಅವನೇ ಕೇಳಿದ, "ಅದು ಯಾವ ಊರು ಹೇಳಿದ್ದು, ಪಿಸುಗುಟ್ಟಿದರೆ ಕೇಳುವುದು?"

ಹೊರಡುವ ತಯಾರಿ ಶುರುವಾಯಿತು. ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ ಎಂದಾಗಿ ವರ್ಷವಾಗಿತ್ತು. ಆದರೆ ಕಾಪು, ಉಡುಪಿ, ಮಣಿಪಾಲದ ನಡುವೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ ಅವಳಿಗೆ ಅದರ ರುಚಿ ಹತ್ತಿರಲಿಲ್ಲ. ದೂರ ಹೋದರೆ ಅದು ದೊಡ್ಡ ಉಳಿತಾಯ ಎಂದು ಮೇಧಾ ತೋರಿಸಿಕೊಟ್ಟಳು. ಉಡುಪಿಯಿಂದ ರಾತ್ರಿ ಕೆಂಪು ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ವಿಜಯಪುರ. ರಾತ್ರಿ ಬಸ್ಸಿನಲ್ಲೇ ಮಲಗಿದರೆ ಒಂದು ದಿನದ ಲಾಡ್ಜು ಉಳಿಯಿತು. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ, ಕೋಣೆಯ ಬಾಡಿಗೆಯಲ್ಲೂ ಚೌಕಾಸಿ ನಡೆಯುತ್ತದೆ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಒಂದು ಸೇರು ಕುಚ್ಚಲಕ್ಕಿ, ಒಣ ಸಿಗಡಿಯ ಚಟ್ನಿ, ಅವಲಕ್ಕಿ, ಉಪ್ಪಿನಕಾಯಿ, ಕರೆಂಟಿನಲ್ಲಿ ಬೇಯಿಸುವ ಸಣ್ಣ ಪಾತ್ರೆ ಸೇರಿದವು. ಬಲೆಯ ನೂಲು ಸುತ್ತಿ, ಹಳೆಯ ಬೇರಿಂಗು ಕೂರಿಸಿ ಜನಾರ್ದನ ಕಟ್ಟಿದ ಚಕ್ರ ಉಳಿದ ಮೂರಕ್ಕಿಂತ ಗಟ್ಟಿಯಾಗಿತ್ತು.

ಬಸ್ಸಿನಲ್ಲಿ ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೇಟು ಹರಿದುಕೊಟ್ಟಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. ಜನಾರ್ದನ ತನ್ನ ಟಿಕೇಟು ಓದಿ ಜೇಬಿಗೆ ಹಾಕಿಕೊಂಡ.

"ನನ್ನದೂ ನಿನ್ನದೂ ಒಂದೇ ಸೀಟು, ಒಂದೇ ಕುಲುಕು," ಎಂದ. "ನಾನು ಮಾತ್ರ ಪೂರಾ ದುಡ್ಡು ಕೊಟ್ಟು ಕುಲುಕುವುದು."

"ಇಷ್ಟು ವರ್ಷ ಮನೆ ನೋಡಿಕೊಂಡದ್ದಕ್ಕೆ ಅಂತ ತಿಳಿದುಕೊಳ್ಳಿ."

ಮರುದಿನ ಮಧ್ಯಾಹ್ನ ವಿಜಯಪುರದಲ್ಲಿ ಇಳಿದಾಗ ಮಳೆಯಿಲ್ಲ, ಒಣಗಾಳಿ, ಅಗಲವಾದ ಆಕಾಶ. ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಲಾಡ್ಜಿನಲ್ಲಿ ಕೋಣೆ ಕೇಳಿದರು. ಮೇಜಿನ ಹಿಂದೆ ಕುಳಿತ ಮುದುಕ ಇಬ್ಬರ ಆಧಾರ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡ. ತವರಿನ ಹಳೆಯ ದಾಖಲೆ ಕೊಟ್ಟು ಮಾಡಿಸಿದ ಸುಭಾಷಿಣಿಯ ಕಾರ್ಡಿನಲ್ಲಿ ಇನ್ನೂ ಅಲ್ಲಿಯದೇ ವಿಳಾಸ, ತಂದೆಯ ಹೆಸರು. ಬದಲಿಸಬೇಕೆಂದು ಹತ್ತು ವರ್ಷದಿಂದ ಅಂದುಕೊಂಡದ್ದೇ ಬಂತು.

"ಇವರದು ಕಾಪು. ನಿಮ್ಮದು ಬೆಳ್ಮಣ್," ಎಂದ ಮುದುಕ. "ಊರು ಬ್ಯಾರೆ, ಹೆಸರು ಬ್ಯಾರೆ. ಗಂಡಾ-ಹೆಂಡ್ತಿ ಅಂತ ನಾ ಹ್ಯಾಂಗ ನಂಬಲ್ರಿ? ನಾಳೆ ಪೊಲೀಸರು ಬಂದ್ರ ನಾ ಏನ್ ಹೇಳ್ಲಿ?"

ಜನಾರ್ದನನ ಮುಖ ಕೆಂಪಾಯಿತು. ಅವಮಾನವೋ ನಾಚಿಕೆಯೋ ಅವನಿಗೇ ತಿಳಿಯಲಿಲ್ಲ. ಪೆಟ್ಟಿಗೆಯ ಹಿಡಿ ಎಳೆದು, "ಬೇಡ, ಹೋಗುವ," ಎಂದು ಹೊರಟೇಬಿಟ್ಟ. ಸುಭಾಷಿಣಿಗೆ ಅಲ್ಲಿಯ ತನಕ ತಡೆದುಕೊಂಡಿದ್ದದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು. ಅವಳು ಅಲ್ಲಿಯೇ, ತುಳುವಿನಲ್ಲಿ, ಉಸಿರು ಬಿಡದೆ ಶುರುಮಾಡಿದಳು. ಕಾರ್ಡು ಸರಿಮಾಡಿಸಲು ಒಂದು ದಿನ ಜೊತೆಗೆ ಬನ್ನಿ ಎಂದು ಎಷ್ಟು ಸಲ ಹೇಳಿದೆ, ಬಂದಿರಾ? ಊರಿನವರ ಕೊಡೆಯೆಲ್ಲ ಸರಿಮಾಡುತ್ತೀರಿ, ಹೆಂಡತಿಯ ಕಾರ್ಡು ಮಾತ್ರ ಆಗುವುದಿಲ್ಲ. ಯಾರಾದರೂ ಒಂದು ಮಾತು ಅಂದರೆ ಪೆಟ್ಟಿಗೆ ಎತ್ತಿಕೊಂಡು ಓಡುವುದು. ನಿಲ್ಲಿ ಅಲ್ಲಿ! ಮತ್ತೆ ಆ ಬನಿಯನ್ ಎಂತ, ಒಳ್ಳೆಯದನ್ನು ಪೆಟ್ಟಿಗೆಯಲ್ಲಿಟ್ಟು ತೂತಿನದ್ದನ್ನು ಹಾಕಿಕೊಂಡು ಬಂದದ್ದು?

ಜನಾರ್ದನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಒಮ್ಮೆ ಬನಿಯನ್ ಕಡೆ ನೋಡಿಕೊಂಡ.

ಮುದುಕನಿಗೆ ತುಳು ಒಂದಕ್ಷರ ಬಾರದು. ಆದರೂ ಅವನು ಗಲ್ಲಕ್ಕೆ ಕೈಯೂರಿ ಪೂರ್ತಿ ಕೇಳಿದ. ಆಮೇಲೆ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದ.

"ಸಾಕ್ ಬಿಡ್ರೀ ಅಕ್ಕಾರ, ತಿಳೀತು. ಹಿಂಗ ಬೈಯಾಕ ಲಗ್ನಾ ಆದವ್ರಿಗಷ್ಟ ಬರತೈತಿ." ಜನಾರ್ದನನ ಕಡೆ ತಿರುಗಿ ಕನಿಕರದಿಂದ, "ಮ್ಯಾಲಿನ ಖೋಲಿ ತಗೋರಿ ಯಜಮಾನ್ರ. ಗಾಳಿ ಚಲೋ ಬರತದ," ಎಂದ.

ಮರುದಿನ ಬೆಳಿಗ್ಗೆ ಗೋಲಗುಮ್ಮಟದ ಬಾಗಿಲು ತೆರೆಯುವ ಮೊದಲೇ ಅವರಿಬ್ಬರೂ ಹೊರಗೆ ನಿಂತಿದ್ದರು. ಮೂಲೆಯ ಗೋಪುರದೊಳಗಿನ ಸುತ್ತುಮೆಟ್ಟಿಲುಗಳನ್ನು ಹತ್ತುವಾಗ ಸುಭಾಷಿಣಿಯ ಮೊಣಕಾಲು ದಿನಾ ನಾಲ್ಕು ಮಾಳಿಗೆ ಹತ್ತಿದ ಲೆಕ್ಕ ನೆನಪಿಸಿತು. ಮೇಲೆ ಗುಮ್ಮಟದ ಒಳಸುತ್ತಿನ ಕಟ್ಟೆಗೆ ಬಂದಾಗ ಯಾರೂ ಇರಲಿಲ್ಲ, ಕಾವಲಿನವನೊಬ್ಬನ ಹೊರತು. ಅವಳ ಚಪ್ಪಲಿಯ ಸದ್ದು ಅವಳಿಗಿಂತ ಮುಂದೆ ಹೋಗಿ, ಸುತ್ತಿ, ಹಿಂದಿನಿಂದ ಬಂತು. ಅವಳು ಹೆದರಿ ಚಪ್ಪಲಿ ಕೈಗೆ ತೆಗೆದುಕೊಂಡಳು.

"ಒಬ್ಬರು ಇಲ್ಲಿ ಕುಂದರ್ರಿ, ಒಬ್ಬರು ಆ ಕಡೆ ಹೋಗ್ರಿ," ಎಂದ ಕಾವಲಿನವ. "ಗ್ವಾಡಿಗೆ ಕಿವಿ ಹಚ್ರಿ. ಒದರಬ್ಯಾಡ್ರಿ, ಸಣ್ಣಾಗಿ ಮಾತಾಡ್ರಿ."

ಜನಾರ್ದನ ಸುತ್ತು ಹೋಗಿ ಎದುರುಬದಿಯಲ್ಲಿ ಕುಳಿತ. ನಡುವೆ ಅಷ್ಟು ಅಗಲದ ಬಯಲು. ಅಲ್ಲಿಂದ ಅವನು ಬೊಂಬೆಯಷ್ಟು ಸಣ್ಣಗೆ ಕಾಣುತ್ತಿದ್ದ. ಅವಳು ಗೋಡೆಗೆ ಕಿವಿಯಿಟ್ಟಳು. ತಣ್ಣನೆಯ ಗೋಡೆ. ಕಿವಿಯ ಪಕ್ಕದಲ್ಲೇ ಕುಳಿತು ಹೇಳಿದಂತೆ, ಅವನ ಗೊಗ್ಗರು ಸ್ವರ ಬಂತು.

"ಸುಭಾ, ಕೇಣುಂಡಾ?"

ಕೇಳುತ್ತದಾ ಎಂದು. ಅವಳು ಕೇಳುತ್ತದೆ ಎಂದು ತಲೆಯಾಡಿಸಿದಳು. ಅಷ್ಟು ದೂರದಿಂದ ಅವನಿಗೆ ಕಾಣದೆಂಬುದು ಆಮೇಲೆ ಹೊಳೆದು, "ಕೇಳುತ್ತದೆ" ಎಂದು ಗೋಡೆಗೆ ಹೇಳಿದಳು.

ಅವನು ಗೋಡೆಗೆ ಇನ್ನಷ್ಟು ಸರಿದು ಕುಳಿತ. ಆಮೇಲೆ ಅವನು ಹೇಳಿದ, "ಬೋಟು ಮಲ್ಪೆ ಬಿಟ್ಟ ಮೇಲೆ ಕಾಪುವಿನ ದೀಪ ಕಾಣುವಷ್ಟು ಹೊತ್ತು ನಾನು ಮೇಲೆಯೇ ನಿಂತಿರುತ್ತೇನೆ. ಅದು ಮುಳುಗಿದ ಮೇಲೆ ಒಳಗೆ ಹೋಗುವುದು. ಪ್ರತಿ ಸಲ. ನಿನಗೆ ಹೇಳಿರಲಿಲ್ಲ."

ಸುಭಾಷಿಣಿ ಗೋಡೆಯಿಂದ ಕಿವಿ ತೆಗೆಯಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಅವನು ಹೊರಟ ರಾತ್ರಿಗಳಲ್ಲಿ ಅವಳು ದೀಪಸ್ತಂಭದ ಬೆಳಕು ಹೆಂಚಿನ ಮಾಡಿನ ಮೇಲಿಂದ ತಿರುಗಿ ಹೋಗುವುದನ್ನು ನೋಡುತ್ತ ಮಲಗುತ್ತಿದ್ದಳು. ಅದೇ ಬೆಳಕನ್ನು ಇನ್ನೊಂದು ಕಡೆಯಿಂದ ಅವನೂ ನೋಡುತ್ತಿದ್ದಾನೆಂದು ಅವಳಿಗೆ ತೋರಿರಲಿಲ್ಲ. ಏನಾದರೂ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಇಷ್ಟು:

"ಅಷ್ಟು ಹೊತ್ತು ಗಾಳಿಗೆ ನಿಲ್ಲುವಾಗ ತಲೆಗೆ ಮಫ್ಲರ್ ಕಟ್ಟಿಕೊಳ್ಳುತ್ತೀರಾ, ಇಲ್ಲವಾ?"

ಎದುರುಬದಿಯ ಬೊಂಬೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಗುಮ್ಮಟದೊಳಗೆ ಏರಿ, ಒಡೆದು, ಏಳೆಂಟು ಜನಾರ್ದನರು ಒಟ್ಟಿಗೆ ನಕ್ಕಂತೆ ಸುತ್ತಲಿಂದಲೂ ಬಂತು. ಕಾವಲಿನವನಿಗೂ ನಗು ಬಂತು, ಯಾಕೆಂದು ತಿಳಿಯದೆ.

ಇನ್ನೂ ಎರಡು ದಿನ ಇದ್ದವು. ಲಾಡ್ಜಿನ ಮುದುಕನೇ ಆಲಮಟ್ಟಿಯ ಅಣೆಕಟ್ಟು ನೋಡಿ ಬನ್ನಿ ಎಂದ. ಅಲ್ಲಿಯ ಉದ್ಯಾನಕ್ಕಿಂತ ಜನಾರ್ದನನ ಕಣ್ಣು ಹೋದದ್ದು ಹಿನ್ನೀರಿನ ದಂಡೆಗೆ. ಹೊಳೆಗೆ ಹೊಸ ನೀರು ಬರುವ ಹೊತ್ತು. ದುಂಡನೆಯ ತೆಪ್ಪಗಳನ್ನು ದಡದಲ್ಲಿ ಕವುಚಿ, ಜಾಲಿಮರದ ಕೆಳಗೆ ಒಬ್ಬ ಮನುಷ್ಯ ಬಲೆ ಹರಡಿಕೊಂಡು ಕುಳಿತಿದ್ದ. ಜನಾರ್ದನ ಹೋಗಿ ಅವನ ಹಿಂದೆ ನಿಂತ. ಐದು ನಿಮಿಷ ನೋಡಿದ. ತಡೆಯಲಾಗದೆ ಪಕ್ಕದಲ್ಲಿ ಕುಳಿತು, ಸೂಜಿ ಕೊಡಿ ಎಂದು ಕೈಸನ್ನೆ ಮಾಡಿದ. ಮನುಷ್ಯ ಅನುಮಾನದಿಂದಲೇ ಕೊಟ್ಟ. ಜನಾರ್ದನನ ಬೆರಳುಗಳು ಒಂದು ಮೊಳದ ಹರಕನ್ನು ಅವನ ಬೀಡಿ ಮುಗಿಯುವಷ್ಟರಲ್ಲಿ ಮುಚ್ಚಿಬಿಟ್ಟವು.

"ಯಾವೂರಾಂವಪಾ ನೀ?" ಎಂದು ಆ ಮನುಷ್ಯ ಬೀಡಿ ಎಸೆದು ಕೇಳಿದ.

ಅವನ ಹೆಸರು ಮಾರುತಿ. ಅವನ ಹೆಂಡತಿ ಯಲ್ಲವ್ವ ರೊಟ್ಟಿ, ಶೇಂಗಾದ ಹಿಂಡಿ, ಹುರಿದ ಹೊಳೆಮೀನು ತಂದಿಟ್ಟಳು. ಹೊಳೆಮೀನು ಜನಾರ್ದನನ ನಾಲಿಗೆಗೆ ಸಪ್ಪೆ; ಆದರೂ ಮರ್ಯಾದೆಗೆ ಎರಡು ತಿಂದ. ರೊಟ್ಟಿ ಮಾತ್ರ ಮರ್ಯಾದೆಗಲ್ಲ, ನಾಲ್ಕು ತಿಂದ. ಮೂವರು ಗಂಡಸರು ಸೇರಿದ ಕಡೆ ಬಾಯಿ ಬಿಡದವನು ಅಂದು ಮಧ್ಯಾಹ್ನವೆಲ್ಲ ಮಾತಾಡಿದ: ಬಲೆಯ ಕಣ್ಣಿನ ಅಳತೆ, ಬಿರುಗಾಳಿಯಲ್ಲಿ ಬೋಟು ತಿರುಗಿಸುವುದು, ಮೀನಿನ ಹಿಂಡು ಬಂದಾಗ ನೀರಿನ ಬಣ್ಣ. ಒಬ್ಬನದು ಪುಸ್ತಕದಂಥ ಕನ್ನಡ, ಇನ್ನೊಬ್ಬನದು ಓಡುವ ಕನ್ನಡ. ನಡುನಡುವೆ ಕೈಯ ಭಾಷೆ. ಯಲ್ಲವ್ವ ಸುಭಾಷಿಣಿಯ ಕಿವಿಯಲ್ಲಿ, "ನಿಮ್ಮ ಯಜಮಾನ್ರು ಭಾಳ ಮಾತಿನ ಮಲ್ಲ ಅದಾರ ಬಿಡ್ರಿ," ಎಂದಳು. ಸುಭಾಷಿಣಿ ಆ ಮಾತನ್ನು ತಿದ್ದಲು ಹೋಗಲಿಲ್ಲ.

ಊರಿಗೆ ಬಂದ ಮೇಲೆ ಒಂದು ವಾರದೊಳಗೆ ಫೌಸ್ಟಿನ್ ಮನೆಗೆ ಬಂದ. ಜನಾರ್ದನನ ಬೋಟಿನ ಡ್ರೈವರು ಅವನು, ಇಪ್ಪತ್ತು ವರ್ಷದ ಜೊತೆಗಾರ. "ಎಂತ ಮಾಡಿದಿರಿ ಅಕ್ಕ ಇವನಿಗೆ? ಮಲ್ಪೆಯಲ್ಲಿ ಬಲೆ ಕಟ್ಟುವಾಗ ಬಾಯಿ ಮುಚ್ಚುವುದೇ ಇಲ್ಲ. ಮೊನ್ನೆ ಏಳು ಸಲ ಪ್ರತಿಧ್ವನಿ ಅಂದ, ನಿನ್ನೆ ಹತ್ತು ಅಂದ. ನಾಳೆಗೆ ಎಷ್ಟಾಗುತ್ತದೋ!" ಎಂದು ನಕ್ಕು, ಸ್ವರ ತಗ್ಗಿಸಿ ಹೆಂಡತಿಯ ಮಾತು ಸೇರಿಸಿದ, "ಆಂಜೆಲಾ ಕೇಳುತ್ತಿದ್ದಳು, ಮುಂದಿನ ವರ್ಷ ನಾವೂ ಬರಬಹುದಾ ಅಂತ."

ಮುಂದಿನ ಜುಲೈಯಲ್ಲಿ ಫೌಸ್ಟಿನ್, ಅವನ ಹೆಂಡತಿ ಆಂಜೆಲಾ, ಇವರಿಬ್ಬರು, ನಾಲ್ವರೂ ಬೀದರಿಗೆ ಹೋದರು. ಕೋಟೆಯ ನೆರಳಿನಲ್ಲಿ ಕುಳಿತು ಆಂಜೆಲಾ ಮನೆಯಿಂದ ತಂದ ಮೀನಿನ ಉಪ್ಪಿನಕಾಯಿಯ ಬಾಟಲಿ ತೆರೆದಾಗ ಸುತ್ತಲಿನ ಪ್ರವಾಸಿಗರೆಲ್ಲ ಮೂಗು ತಿರುಗಿಸಿ ನೋಡಿದರು. ಒಬ್ಬ ಹೈದರಾಬಾದಿನವನು ಮಾತ್ರ ಬಂದು ಸ್ವಲ್ಪ ಕೇಳಿ ತಿಂದ.

ಈ ವರ್ಷ ಮಾರ್ಚಿನಲ್ಲಿ ಮಾರುತಿಯ ಫೋನು ಬಂತು. ಯಲ್ಲವ್ವನಿಗೆ ಸಮುದ್ರ ನೋಡಬೇಕಂತೆ. "ಲಾಡ್ಜು ಎಂತಕ್ಕೆ? ಮನೆ ಉಂಟಲ್ಲ," ಎಂದು ಅವರು ಕೇಳುವ ಮೊದಲೇ ಜನಾರ್ದನ ಹೇಳಿಬಿಟ್ಟ. ಬೋಟಿನಿಂದ ಒಂದು ಸರದಿ ರಜೆ ತೆಗೆದುಕೊಂಡ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಬೆಳಗಿನ ಜಾವ ಮಲ್ಪೆಯ ಮೀನಿನ ಏಲಕ್ಕೆ ಕರೆದುಕೊಂಡು ಹೋದಾಗ ಮಾರುತಿ ರಾಶಿ ರಾಶಿ ಬಂಗುಡೆ ಕಂಡು ದಂಗಾಗಿ ನಿಂತ. ಯಲ್ಲವ್ವ ಕಾಪುವಿನ ಕಡಲಕರೆಯಲ್ಲಿ ಸೀರೆ ಎತ್ತಿಕಟ್ಟಿ ಮೊಣಕಾಲಷ್ಟು ನೀರಿಗಿಳಿದು, ಒಂದು ದೊಡ್ಡ ತೆರೆ ಬಂದಾಗ ಸುಭಾಷಿಣಿಯ ಕುತ್ತಿಗೆಗೇ ಜೋತುಬಿದ್ದಳು. ಇಬ್ಬರೂ ಒದ್ದೆಯಾಗಿ ಮರಳಿನ ಮೇಲೆ ಕುಳಿತರು.

"ಅಕ್ಕಾ, ಇಷ್ಟ ನೀರು ಮನಿ ಮುಂದ ಇಟ್ಕೊಂಡು ನೀವು ನಮ್ಮೂರಿಗೆ ಯಾಕ ಬಂದಿದ್ರಿ?" ಎಂದಳು ಯಲ್ಲವ್ವ, ಮುಖ ಒರೆಸಿಕೊಳ್ಳುತ್ತ.

ಸುಭಾಷಿಣಿ ಸೀರೆಯ ಸೆರಗು ಹಿಂಡಿದಳು. ಸ್ವಲ್ಪ ದೂರದಲ್ಲಿ ಗಂಡಸರಿಬ್ಬರೂ ಎಳೆದುಹಾಕಿದ ದೋಣಿಯೊಂದಕ್ಕೆ ಒರಗಿ ನಿಂತು, ಕೈ ಬೀಸಿ ಬೀಸಿ, ಯಾವುದೋ ಗಾಳಿಯ ವಿಷಯ ಮಾತಾಡುತ್ತಿದ್ದರು.

"ನಮ್ಮ ಯಜಮಾನರ ಮಾತು ಕೇಳಲಿಕ್ಕೆ," ಎಂದಳು.